ಗೋಧಿಯೊಂದಿಗೆ ಕರುಳಿನ ಕಲಹ: ಸೀಲಿಯಾಕ್ ರೋಗದ ಮೂಲವನ್ನು ಅರಸಿದ ಸಂಶೋಧನೆ

ಮನುಷ್ಯನು ಸುಮಾರು ಹತ್ತು ಸಾವಿರ ವರ್ಷಗಳಿಂದ ಗೋಧಿಯನ್ನು ಬೆಳೆದು ಉಣ್ಣುತ್ತಿದ್ದಾನೆ. ಕೋಟ್ಯಂತರ ಜನರಿಗೆ ಅದು ಜೀವಾಧಾರವಾದ ಧಾನ್ಯ. ಆದರೆ ಕೆಲವರ ಶರೀರವು ಈ ಧಾನ್ಯದ ಒಂದು ಅಂಶವನ್ನು ಆಹಾರವೆಂದು ಸ್ವೀಕರಿಸದೆ, ಹೊರಗಿನಿಂದ ನುಗ್ಗಿದ ರೋಗಾಣುವೆಂದೇ ಬಗೆದು ಅದರ ಮೇಲೆ ಯುದ್ಧ ಹೂಡುತ್ತದೆ. ರಣರಂಗವಾಗುವುದು ಸಣ್ಣ ಕರುಳು. ನಷ್ಟವನ್ನು ಅನುಭವಿಸುವುದು ಇಡೀ ದೇಹ. ಈ ಸ್ಥಿತಿಗೆ ಸೀಲಿಯಾಕ್ ರೋಗವೆಂದು ಹೆಸರು.

ದೆಹಲಿ, ಪುಣೆ, ಮುಂಬಯಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಅನ್ನ, ಮುದ್ದೆ, ಜೋಳದ ರೊಟ್ಟಿಗಳ ಸ್ಥಾನವನ್ನು ಚಪಾತಿ ಬಹುಮಟ್ಟಿಗೆ ಆಕ್ರಮಿಸಿದೆ. ಇಂತಹ ಮನೆಯ ಮಗುವೊಂದು ವಯಸ್ಸಿಗೆ ತಕ್ಕಂತೆ ಬೆಳೆಯದೆ, ಕಬ್ಬಿಣಾಂಶದ ಮಾತ್ರೆಗಳನ್ನು ಎಷ್ಟು ತಿಂಗಳು ಕೊಟ್ಟರೂ ರಕ್ತಹೀನತೆಯಿಂದ ಪಾರಾಗದೆ ಇದ್ದಾಗ, ಗೋಧಿಯ ಕಡೆಗೆ ಯಾರ ಸಂದೇಹವೂ ಹರಿಯುವುದಿಲ್ಲ. ಅದು ಉತ್ತರದವರ ರೋಗ, ದಕ್ಷಿಣದವರಿಗೆ ಬಾರದು ಎಂಬ ಭಾವನೆ ಬಹಳ ಮಂದಿಯಲ್ಲಿದೆ. ಈ ಭಾವನೆ ಅರ್ಧ ಸತ್ಯ ಮಾತ್ರ. ಅದು ಎಲ್ಲಿಯವರೆಗೆ ಸತ್ಯ, ಎಲ್ಲಿಂದಾಚೆಗೆ ತಪ್ಪು ಎಂಬುದನ್ನು ಅರಿಯಬೇಕಾದರೆ ಈ ರೋಗದ ಮೂಲವನ್ನು ವಿಜ್ಞಾನಿಗಳು ಅರಸುತ್ತ ಬಂದ ದಾರಿಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಆಹಾರದಲ್ಲಿ ಅಡಗಿದ್ದ ಅಪರಾಧಿ

ಸೀಲಿಯಾಕ್ ಎಂಬುದು ಗ್ರೀಕ್ ಮೂಲದ ಪದ. ಉದರಕ್ಕೆ ಸಂಬಂಧಿಸಿದುದು ಎಂದು ಅದರ ಅರ್ಥ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿದ್ದ ಕ್ಯಾಪಡೋಸಿಯದ ಅರೆಟಿಯಸ್ ಎಂಬ ವೈದ್ಯನು, ಉಂಡದ್ದು ಮೈಗೂಡದೆ ರೋಗಿಯು ದಿನೇ ದಿನೇ ಕೃಶನಾಗುವ ಒಂದು ವ್ಯಾಧಿಯನ್ನು ಈ ಹೆಸರಿನಿಂದ ವರ್ಣಿಸಿದ್ದನು. ಆಧುನಿಕ ವೈದ್ಯಶಾಸ್ತ್ರದಲ್ಲಿ ಇದರ ಸ್ಪಷ್ಟ ಚಿತ್ರ ದೊರೆಯುವುದು 1888ರಲ್ಲಿ ಪ್ರಕಟವಾದ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಅವರ ಬರಹದಲ್ಲಿ. ರೋಗವು ಗುಣವಾಗುವುದಾದರೆ ಅದು ಪಥ್ಯದಿಂದಲೇ ಆಗಬೇಕೆಂದು ಅವರು ಆಗಲೇ ನಿರ್ಧರಿಸಿದ್ದರು. ಕಪ್ಪೆಚಿಪ್ಪಿನ ಮಾಂಸವನ್ನೇ ದಿನವೂ ತಿಂದ ಮಗುವೊಂದು ಆಶ್ಚರ್ಯಕರವಾಗಿ ಚೇತರಿಸಿಕೊಂಡು, ಅದು ದೊರೆಯುವ ಋತು ಮುಗಿದೊಡನೆ ಮತ್ತೆ ಹಾಸಿಗೆ ಹಿಡಿದುದನ್ನೂ ಅವರು ದಾಖಲಿಸಿದ್ದಾರೆ. ಗುಣ ತಂದದ್ದು ಚಿಪ್ಪಿನ ಮಾಂಸವಲ್ಲ, ಅದು ತಟ್ಟೆಯಿಂದ ದೂರ ಸರಿಸಿದ್ದ ಬ್ರೆಡ್ಡಿನ ಅಭಾವ ಎಂಬುದು ತಿಳಿಯಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಅದನ್ನು ತಿಳಿಸಿಕೊಟ್ಟವರು ನೆದರ್‌ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಕಾರೆಲ್ ಡಿಕೆ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರಿಗೆ ಗೋಧಿಯ ಬಗ್ಗೆ ಸಂದೇಹ ಮೂಡಿದ್ದು ಎರಡನೆಯ ಮಹಾಯುದ್ಧಕ್ಕೆ ಮೊದಲೇ; ಗೋಧಿಯಿಲ್ಲದ ಪಥ್ಯದ ಬಗ್ಗೆ ಅವರು 1941ರಲ್ಲಿ ಬರೆದಿದ್ದರು. ಅನಂತರ 1944-45ರ ಚಳಿಗಾಲ ಬಂದಿತು. ಜರ್ಮನ್ ಸೈನ್ಯದ ದಿಗ್ಬಂಧನದಿಂದ ದೇಶದ ಪಶ್ಚಿಮ ಭಾಗದಲ್ಲಿ ಭೀಕರ ಕ್ಷಾಮ ತಲೆದೋರಿ, ಜನರು ಟ್ಯೂಲಿಪ್ ಹೂಗಿಡದ ಗೆಡ್ಡೆಗಳನ್ನು ಬೇಯಿಸಿ ತಿನ್ನುವಂತಾಯಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಸೀಲಿಯಾಕ್ ರೋಗದ ಮಕ್ಕಳು ಮಾತ್ರ ಮೊದಲಿಗಿಂತ ಕೆಡಲಿಲ್ಲ. ಯುದ್ಧ ಮುಗಿದು ಬ್ರೆಡ್ ಮರಳಿದಾಗ ಅವರ ರೋಗವೂ ಮರಳಿತು. ಈ ಕಥೆ ಜನಪ್ರಿಯವಾಗಿದೆ. ಆದರೆ ಡಿಕೆಯವರ ನಿಜವಾದ ಹಿರಿಮೆ ಇರುವುದು ಆ ಅನುಭವದ ಮೇಲೆ ಅವರು ನಿಲ್ಲದೆ ಹೋದದ್ದರಲ್ಲಿ. ಉಟ್ರೆಕ್ಟಿನ ವಾನ್ ಡಿ ಕಾಮರ್ ಮತ್ತು ವೈಯರ್ಸ್ ಎಂಬ ಸಹೋದ್ಯೋಗಿಗಳೊಂದಿಗೆ ಅವರು ಮಕ್ಕಳ ಆಹಾರದಲ್ಲಿ ಗೋಧಿಯನ್ನು ಒಮ್ಮೆ ಸೇರಿಸಿ, ಒಮ್ಮೆ ತೆಗೆದು, ಪ್ರತಿ ಬಾರಿಯೂ ಮಲದಲ್ಲಿ ಜೀರ್ಣವಾಗದೆ ಹೊರಬೀಳುವ ಕೊಬ್ಬನ್ನು ಅಳೆದರು. ಸಂದೇಹವು ಅಳತೆಗೆ ಸಿಕ್ಕಿದ್ದು ಹೀಗೆ. 1950ರಲ್ಲಿ ಅವರ ಪ್ರಬಂಧ ಸಿದ್ಧವಾಯಿತು. ಎರಡು ವರ್ಷಗಳ ಬಳಿಕ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸಂಶೋಧಕರು, ಗೋಧಿಯ ಪಿಷ್ಟ ನಿರಪಾಯಕಾರಿ, ಕೆಡುಕು ಮಾಡುವುದು ಅದರ ಗ್ಲುಟೆನ್ ಎಂದು ಬೇರ್ಪಡಿಸಿ ತೋರಿಸಿದರು.

ಗ್ಲುಟೆನ್ ಎಂದರೆ ಗೋಧಿಯಲ್ಲಿರುವ ಪ್ರೋಟೀನುಗಳ ಸಮೂಹ. ಕಣಕವನ್ನು ನಾದಿದಾಗ ಅದು ಎಳೆದಂತೆ ಬರುವುದು, ಹೋಳಿಗೆಯನ್ನು ಹರಿಯದಂತೆ ತಟ್ಟಲು ಸಾಧ್ಯವಾಗುವುದು ಇದರ ಅಂಟುಗುಣದಿಂದಲೇ. ರಾಗಿ, ಜೋಳ, ಅಕ್ಕಿಯ ಹಿಟ್ಟುಗಳಿಗೆ ಈ ಗುಣವಿಲ್ಲ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಇದರ ಹತ್ತಿರದ ಬಂಧುಗಳಾದ ಪ್ರೋಟೀನುಗಳಿರುವುದರಿಂದ ಅವೂ ಈ ರೋಗಿಗಳಿಗೆ ವರ್ಜ್ಯ.

ಕರುಳಿನಲ್ಲಿ ನಡೆಯುವುದೇನು?

ಸಣ್ಣ ಕರುಳಿನ ಒಳಮೈ ನುಣುಪಾಗಿಲ್ಲ. ಬೆರಳಿನಂತಹ ಅತಿ ಸಣ್ಣ ಚಾಚಿಕೆಗಳು ಮಖಮಲ್ ಬಟ್ಟೆಯ ಎಳೆಗಳಂತೆ ಅದರ ತುಂಬ ಹಬ್ಬಿರುತ್ತವೆ. ಅರ್ಧದಿಂದ ಒಂದು ಮಿಲಿಮೀಟರಿನಷ್ಟು ಎತ್ತರದ ಈ ಚಾಚಿಕೆಗಳನ್ನು ವಿಲೈ ಎನ್ನುತ್ತಾರೆ. ಜೀರ್ಣವಾದ ಆಹಾರದ ಸಾರವನ್ನು ರಕ್ತಕ್ಕೆ ಹೀರಿಕೊಡುವುದು ಇವುಗಳ ಕೆಲಸ. 1954ರಲ್ಲಿ ಬ್ರಿಟಿಷ್ ವೈದ್ಯ ಪಾಲಿ ಅವರು ಶಸ್ತ್ರಚಿಕಿತ್ಸೆಯ ಕಾಲದಲ್ಲಿ ತೆಗೆದ ಕರುಳಿನ ತುಣುಕುಗಳನ್ನು ಪರೀಕ್ಷಿಸಿದಾಗ ಈ ರೋಗಿಗಳಲ್ಲಿ ವಿಲೈಗಳು ಸವೆದುಹೋಗಿರುವುದು ಕಂಡುಬಂದಿತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಮಾರ್ಗೊ ಶೈನರ್ ಮತ್ತು ವಿಲಿಯಂ ಕ್ರಾಸ್ಬಿ ಅವರು ಬಾಯಿಯ ಮೂಲಕವೇ ಕರುಳಿನ ತುಣುಕನ್ನು ಪಡೆಯುವ ಉಪಕರಣಗಳನ್ನು ರೂಪಿಸಿದರು. ಪೈರು ಕೊಯ್ದ ಹೊಲದಂತೆ ಬೋಳಾದ ಕರುಳು ಕಬ್ಬಿಣಾಂಶವನ್ನಾಗಲಿ, ಸುಣ್ಣಾಂಶವನ್ನಾಗಲಿ, ಜೀವಸತ್ವಗಳನ್ನಾಗಲಿ ಹೀರಲಾರದು. ಮಾತ್ರೆ ನುಂಗಿದರೂ ರಕ್ತಹೀನತೆ ನೀಗದಿರುವುದರ ಗುಟ್ಟು ಇದೇ. ಭೇದಿ, ಹೊಟ್ಟೆಯುಬ್ಬರ ಇಲ್ಲದೆಯೂ ಕೇವಲ ರಕ್ತಹೀನತೆ, ಕುಂಠಿತ ಬೆಳವಣಿಗೆ, ತಡವಾದ ಪ್ರೌಢಾವಸ್ಥೆ, ಮೂಳೆಗಳ ದೌರ್ಬಲ್ಯ ಇವುಗಳಲ್ಲಿ ಒಂದರ ರೂಪದಲ್ಲಿ ಮಾತ್ರ ರೋಗ ಕಾಣಿಸಿಕೊಳ್ಳಬಹುದು ಎಂಬುದು ಅನೇಕರಿಗೆ ತಿಳಿಯದ ಸಂಗತಿ.

ಹಾಗಾದರೆ ವಿಲೈಗಳನ್ನು ಕೊಯ್ಯುವವರು ಯಾರು? ಗ್ಲುಟೆನ್ ತಾನೇ ವಿಷವೆಂದು ಬಹುಕಾಲ ನಂಬಲಾಗಿತ್ತು. ಅದು ವಿಷವಲ್ಲ. ಕೊಯ್ಯುವುದು ರೋಗಿಯ ಸ್ವಂತ ರೋಗನಿರೋಧಕ ವ್ಯವಸ್ಥೆ. ಕಳೆದ ಮೂರೂವರೆ ದಶಕಗಳ ಸಂಶೋಧನೆಯ ಮುಖ್ಯ ಫಲವೇ ಈ ಅರಿವು.

ಕಥೆ ಆರಂಭವಾಗುವುದು ಜೀರ್ಣಕ್ರಿಯೆಯ ಒಂದು ಕೊರತೆಯಿಂದ. ಸಾಮಾನ್ಯ ಪ್ರೋಟೀನುಗಳನ್ನು ನಮ್ಮ ಜೀರ್ಣರಸಗಳು ಚಿಕ್ಕ ಚಿಕ್ಕ ಘಟಕಗಳಾಗಿ ಕತ್ತರಿಸುತ್ತವೆ. ಗ್ಲುಟೆನ್‌ನಲ್ಲಿ ಪ್ರೋಲಿನ್ ಮತ್ತು ಗ್ಲುಟಮಿನ್ ಎಂಬ ಅಮೈನೋ ಆಮ್ಲಗಳು ವಿಪರೀತವಾಗಿರುವುದರಿಂದ ಅದನ್ನು ಪೂರ್ತಿಯಾಗಿ ಕತ್ತರಿಸುವುದು ಯಾರ ಜೀರ್ಣರಸಕ್ಕೂ ಸಾಧ್ಯವಿಲ್ಲ. 33 ಅಮೈನೋ ಆಮ್ಲಗಳ ಒಂದು ಉದ್ದನೆಯ ತುಂಡು ಹಾಗೆಯೇ ಉಳಿದುಬಿಡುತ್ತದೆಂದು 2002ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದರು. ಆರೋಗ್ಯವಂತರಲ್ಲಿಯೂ ಇಂತಹ ತುಂಡುಗಳು ಉಳಿಯುತ್ತವೆ. ಆದರೆ ಅವರಲ್ಲಿ ಅದರಿಂದ ಬಾಧಕವಿಲ್ಲ.

ಈ ತುಂಡುಗಳು ಕರುಳಿನ ಒಳಪದರವನ್ನು ದಾಟಿದಾಗ ಟಿಷ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಅವುಗಳಿಗೆ ಎದುರಾಗುತ್ತದೆ. ಗಾಯಗೊಂಡ ಅಂಗಾಂಶವನ್ನು ಹೆಣೆದು ಸರಿಪಡಿಸುವುದು ಈ ಕಿಣ್ವದ ದೈನಂದಿನ ಕಾಯಕ. ಗ್ಲುಟೆನ್‌ನ ತುಂಡು ಸಿಕ್ಕಿದಾಗ ಅದು ಅದರಲ್ಲಿನ ಗ್ಲುಟಮಿನ್ ಘಟಕಗಳನ್ನು ಗ್ಲುಟಾಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ರಾಸಾಯನಿಕವಾಗಿ ಇದು ಅತ್ಯಲ್ಪ ಬದಲಾವಣೆ. ಆದರೆ ಬೀಗದ ಕೈಯ ಒಂದು ಹಲ್ಲನ್ನು ಅರದಿಂದ ಉಜ್ಜಿದಂತೆ, ಈ ಅಲ್ಪ ಬದಲಾವಣೆಯಿಂದ ಆ ತುಂಡು ಒಂದು ನಿರ್ದಿಷ್ಟ ಬೀಗಕ್ಕೆ ಸರಿಯಾಗಿ ಕೂರುತ್ತದೆ. 1998ರಲ್ಲಿ ನಾರ್ವೆಯ ಆಸ್ಲೊ ಮತ್ತು ನೆದರ್‌ಲೆಂಡ್ಸಿನ ಲೈಡನ್ ನಗರಗಳ ತಂಡಗಳು ಇದನ್ನು ಕಂಡುಹಿಡಿದವು.

ಆ ಬೀಗವೇ ಎಚ್‌ಎಲ್‌ಎ ಡಿಕ್ಯೂ 2 ಎಂಬ ಅಣು. ನಮ್ಮ ರಕ್ಷಕ ಕೋಶಗಳಲ್ಲಿ ಕೆಲವು, ತಮಗೆ ಸಿಕ್ಕಿದ ಪ್ರೋಟೀನಿನ ತುಂಡುಗಳನ್ನು ಹರಿವಾಣದಲ್ಲಿಟ್ಟಂತೆ ತಮ್ಮ ಹೊರಮೈಯ ಎಚ್‌ಎಲ್‌ಎ ಅಣುಗಳಲ್ಲಿಟ್ಟು ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಟಿ ಕೋಶವು ಅದನ್ನು ಶತ್ರುವೆಂದು ಗುರುತಿಸಿದರೆ ಕದನಕ್ಕೆ ಕರೆ ಹೋಗುತ್ತದೆ. ಡಿಕ್ಯೂ 2ರಲ್ಲಿ ಕುಳಿತ ಗ್ಲುಟೆನ್ ತುಂಡನ್ನು ಕಂಡು ಕೆರಳುವ ಟಿ ಕೋಶಗಳನ್ನು ಆಸ್ಲೊ ತಂಡವು 1993ರಲ್ಲಿ ರೋಗಿಗಳ ಕರುಳಿನಿಂದಲೇ ಬೇರ್ಪಡಿಸಿತ್ತು. ಕೆರಳಿದ ಟಿ ಕೋಶಗಳು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಜೊತೆಗೆ ಇಂಟರ್‌ಲ್ಯೂಕಿನ್ 15 ಎಂಬ ಸಂಜ್ಞೆಯು ಹೆಚ್ಚಿ, ಕರುಳಿನ ಒಳಪದರದ ಕೋಶಗಳ ನಡುವೆ ಕಾವಲಿಗಿರುವ ಲಿಂಫೋಸೈಟುಗಳು ತಾವು ಕಾಯಬೇಕಾದ ಕೋಶಗಳನ್ನೇ ಕೊಲ್ಲತೊಡಗುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಇನ್ನೊಂದು ವಿಚಿತ್ರವಿದೆ. ಬರ್ಲಿನ್ನಿನ ಡೆಟ್ಲೆಫ್ ಶುಪಾನ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ತೋರಿಸಿದಂತೆ, ಈ ರೋಗಿಗಳ ರಕ್ತದಲ್ಲಿ ಮೇಲೆ ಹೇಳಿದ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವದ ವಿರುದ್ಧವೇ ಪ್ರತಿಕಾಯಗಳು ಹುಟ್ಟಿಕೊಂಡಿರುತ್ತವೆ. ಕಿಣ್ವವು ದೇಹದ ಸ್ವಂತ ವಸ್ತು. ಗ್ಲುಟೆನ್‌ನೊಂದಿಗೆ ಅಂಟಿಕೊಂಡಿದ್ದ ಕಾರಣಕ್ಕೆ ಅದೂ ಅಪರಾಧಿಯ ಪಟ್ಟಿಗೆ ಸೇರುತ್ತದೆಂದು ವಿಜ್ಞಾನಿಗಳ ಅಭಿಪ್ರಾಯ. ಸ್ವಂತ ಅಂಗಾಂಶದ ಮೇಲೆಯೇ ದೇಹ ತಿರುಗಿಬೀಳುವ ರೋಗಗಳು ಹಲವಿವೆ. ಬಾಲ್ಯದಲ್ಲಿ ಬರುವ ಮಧುಮೇಹ ಅವುಗಳಲ್ಲೊಂದು. ಆದರೆ ಅವುಗಳಲ್ಲಿ ಕಲಹವನ್ನು ಹೊತ್ತಿಸುವ ಹೊರಗಿನ ಕಿಡಿ ಯಾವುದೆಂದು ಇಷ್ಟು ಖಚಿತವಾಗಿ ಗೊತ್ತಾಗಿಲ್ಲ. ಸೀಲಿಯಾಕ್ ರೋಗದಲ್ಲಿ ಕಿಡಿ ಗೊತ್ತು, ಅದನ್ನು ತೆಗೆದರೆ ಬೆಂಕಿ ಆರುವುದೂ ಗೊತ್ತು. ಗೋಧಿಯನ್ನು ಬಿಟ್ಟ ಕೆಲವು ತಿಂಗಳುಗಳಲ್ಲಿ ಪ್ರತಿಕಾಯಗಳು ಇಳಿಯುತ್ತವೆ. ವಿಲೈಗಳು ಕ್ರಮೇಣ ಮತ್ತೆ ಚಿಗುರುತ್ತವೆ.

ವಂಶವಾಹಿಗಳ ಪಾತ್ರ

ಈ ರೋಗ ಕುಟುಂಬಗಳಲ್ಲಿ ಹರಿದುಬರುವುದು ಹಿಂದಿನಿಂದಲೂ ತಿಳಿದಿತ್ತು. ಇಟಲಿಯಲ್ಲಿ ಅವಳಿ ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಬಲವಾದ ಸಾಕ್ಷ್ಯ ನೀಡಿತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ, ನೂರು ಜೋಡಿಗಳಲ್ಲಿ ಸುಮಾರು 75ರಲ್ಲಿ ಮತ್ತೊಬ್ಬರಿಗೂ ರೋಗವಿತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಈ ಪ್ರಮಾಣ 11 ಮಾತ್ರ. ಎಲ್ಲ ವಂಶವಾಹಿಗಳೂ ಒಂದೇ ಆಗಿದ್ದ ಜೋಡಿಗಳಲ್ಲಿಯೂ ನಾಲ್ಕನೆಯ ಒಂದು ಪಾಲು ಒಬ್ಬರು ರೋಗಿ, ಒಬ್ಬರು ಆರೋಗ್ಯವಂತರು ಎಂಬುದನ್ನೂ ಇಲ್ಲಿಯೇ ಗಮನಿಸಬೇಕು.

ಮೇಲೆ ಹೇಳಿದ ಎಚ್‌ಎಲ್‌ಎ ಅಣುಗಳ ವಂಶವಾಹಿಗಳು 6ನೆಯ ವರ್ಣತಂತುವಿನಲ್ಲಿವೆ. ಈ ಪ್ರದೇಶಕ್ಕೂ ರೋಗಕ್ಕೂ ನಂಟಿರುವ ಸುಳಿವು 1972ರಲ್ಲಿಯೇ ದೊರೆತಿತ್ತು. 1989ರಲ್ಲಿ ಆಸ್ಲೊದ ಲುಡ್ವಿಗ್ ಸೊಲಿಡ್ ಮತ್ತು ಸಂಗಡಿಗರು ಡಿಕ್ಯೂ 2 ಅಣುವನ್ನೇ ನೇರವಾಗಿ ಗುರುತಿಸಿದರು. ಇದು ಎರಡು ಎಳೆಗಳು ಕೂಡಿ ಆದ ಅಣು. ಎರಡೂ ಎಳೆಗಳ ವಂಶವಾಹಿಗಳು ತಂದೆ ಅಥವಾ ತಾಯಿ ಒಬ್ಬರಿಂದಲೇ ಬರಬಹುದು. ಇಲ್ಲವೇ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದು ಮಗುವಿನಲ್ಲಿ ಜೋಡಿಯಾಗಬಹುದು. ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದ ಅಣು ಮಗುವಿನಲ್ಲಿ ರೂಪುಗೊಳ್ಳುವುದಕ್ಕೆ ಹೀಗೆ ಅವಕಾಶವಿದೆ. ರೋಗಿಗಳಲ್ಲಿ ನೂರಕ್ಕೆ ಸುಮಾರು 90 ಮಂದಿ ಡಿಕ್ಯೂ 2 ಉಳ್ಳವರು. ಉಳಿದವರಲ್ಲಿ ಬಹುಪಾಲು ಡಿಕ್ಯೂ 8 ಎಂಬ ಇನ್ನೊಂದು ಬಗೆಯವರು.

ಆದರೆ ಈ ಅಣುಗಳನ್ನು ಹೊತ್ತವರೆಲ್ಲ ರೋಗಿಗಳಲ್ಲ. ಅಂಥವರಲ್ಲಿ ರೋಗಕ್ಕೀಡಾಗುವವರು ನೂರಕ್ಕೆ ಸುಮಾರು ಮೂವರು ಮಾತ್ರ. ಆದ್ದರಿಂದ ಬೇರೆ ವಂಶವಾಹಿಗಳೂ ಇರಬೇಕೆಂದು ಹುಡುಕಾಟ ಮುಂದುವರಿಯಿತು. 2007ರಲ್ಲಿ 4ನೆಯ ವರ್ಣತಂತುವಿನ ಒಂದು ಭಾಗ ಬೆಳಕಿಗೆ ಬಂದಿತು. 2011ರ ಹೊತ್ತಿಗೆ ಎಚ್‌ಎಲ್‌ಎ ಹೊರತಾಗಿ 39 ಪ್ರದೇಶಗಳು ಗುರುತಿಸಲ್ಪಟ್ಟಿದ್ದವು. ಇವುಗಳಲ್ಲಿ ಬಹಳಷ್ಟು ಟಿ ಕೋಶಗಳ ವರ್ತನೆಗೆ ಸಂಬಂಧಿಸಿದವು. ಒಂದೊಂದರ ಪ್ರಭಾವವೂ ಬಹು ಸಣ್ಣದು.

ಭಾರತದ ಅಂಕಿಗಳು

ದೆಹಲಿ ಪ್ರದೇಶದಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಸಮುದಾಯ ಅಧ್ಯಯನದಲ್ಲಿ ಸುಮಾರು 96 ಮಂದಿಯಲ್ಲಿ ಒಬ್ಬರಿಗೆ ಈ ರೋಗವಿರುವುದು ಕಂಡುಬಂದಿತು. ಇದಕ್ಕಿಂತಲೂ ಬೋಧಪ್ರದವಾದುದು 2016ರಲ್ಲಿ ಪ್ರಕಟವಾದ, ದೇಶದ ಮೂರು ಭಾಗಗಳ 23,000ಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಅಧ್ಯಯನ. ರೋಗಸೂಚಕ ಪ್ರತಿಕಾಯಗಳು ಉತ್ತರ ಭಾರತದಲ್ಲಿ ಶೇಕಡ 1.23, ಈಶಾನ್ಯದಲ್ಲಿ ಶೇಕಡ 0.87, ದಕ್ಷಿಣದಲ್ಲಿ ಶೇಕಡ 0.10 ಜನರಲ್ಲಿದ್ದವು. ದಕ್ಷಿಣದವರಿಗೆ ಬಾರದ ರೋಗವೆಂಬ ಭಾವನೆಗೆ ಇದು ಸಮರ್ಥನೆಯಂತೆ ತೋರುತ್ತದೆ. ಆದರೆ ಅದೇ ಅಧ್ಯಯನದ ಮುಂದಿನ ಸಾಲು ಆ ಭಾವನೆಯನ್ನು ಬುಡಮೇಲು ಮಾಡುತ್ತದೆ. ಡಿಕ್ಯೂ 2 ಅಥವಾ ಡಿಕ್ಯೂ 8ರ ವಂಶವಾಹಿಗಳು ಉತ್ತರದಲ್ಲಿ ಶೇಕಡ 38.1, ಈಶಾನ್ಯದಲ್ಲಿ 31.4, ದಕ್ಷಿಣದಲ್ಲಿ 36.4 ಜನರಲ್ಲಿದ್ದವು. ಅಂದರೆ ರೋಗದ ಬೀಗ ದಕ್ಷಿಣದವರಲ್ಲಿಯೂ ಹೆಚ್ಚು ಕಡಮೆ ಅಷ್ಟೇ ಇದೆ. ವ್ಯತ್ಯಾಸವಿದ್ದುದು ಊಟದ ತಟ್ಟೆಯಲ್ಲಿ: ದಿನವೊಂದಕ್ಕೆ ಸರಾಸರಿ ಗೋಧಿಯ ಸೇವನೆ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ಹಾಗೆಂದು ಎಲ್ಲವನ್ನೂ ಗೋಧಿಯ ತೂಕದ ಮೇಲೆಯೇ ಹೊರಿಸುವಂತಿಲ್ಲ. ಈಶಾನ್ಯದವರು ತಿನ್ನುತ್ತಿದ್ದ ಗೋಧಿ ದಿನಕ್ಕೆ 37 ಗ್ರಾಂ ಮಾತ್ರ. ದಕ್ಷಿಣಕ್ಕಿಂತ ಅದು ಬಹಳ ಹೆಚ್ಚೇನಲ್ಲ. ವಂಶವಾಹಿಗಳ ಪ್ರಮಾಣವಂತೂ ಕಡಮೆ. ಆದರೂ ಅಲ್ಲಿ ಪ್ರತಿಕಾಯಗಳು ದಕ್ಷಿಣದ ಎಂಟು ಪಟ್ಟಿಗಿಂತ ಹೆಚ್ಚಾಗಿದ್ದವು. ಮೂರನೆಯ ಕಾರಣವೊಂದು ಇರಲೇಬೇಕೆಂಬುದನ್ನು ಇಟಲಿಯ ಅವಳಿಗಳೂ ಈಶಾನ್ಯದ ಈ ಅಂಕಿಗಳೂ ಒಂದೇ ಧ್ವನಿಯಲ್ಲಿ ಹೇಳುತ್ತವೆ.

ಆ ಮೂರನೆಯ ಕಾರಣದ ಬಗ್ಗೆ ಹಲವು ಊಹೆಗಳು ಪರೀಕ್ಷೆಗೆ ಒಳಗಾಗಿವೆ. ಸಾಮಾನ್ಯವಾಗಿ ನಿರುಪದ್ರವಿಯಾದ ರಿಯೋವೈರಸ್ ಎಂಬ ವೈರಾಣುವಿನ ಸೋಂಕು ತಗುಲಿದ ಇಲಿಗಳಲ್ಲಿ ಗ್ಲುಟೆನ್ ಬಗೆಗಿನ ಸಹನೆ ಮುರಿದುಬೀಳುವುದು 2017ರಲ್ಲಿ ಕಂಡುಬಂದಿತು. ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳ ಪಾತ್ರವೂ ಅಧ್ಯಯನದಲ್ಲಿದೆ. ಶಿಶುವಿಗೆ ಗೋಧಿಯನ್ನು ಇಂತಿಷ್ಟೇ ತಿಂಗಳಿಗೆ ಆರಂಭಿಸಿದರೆ ರೋಗವನ್ನು ತಡೆಯಬಹುದೆಂಬ ಆಸೆಯೊಂದಿತ್ತು. ಯೂರೋಪಿನಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳು 2014ರಲ್ಲಿ ಆ ಆಸೆಯನ್ನು ಹುಸಿಗೊಳಿಸಿದವು; ಆರಂಭದ ಕಾಲವನ್ನು ಹಿಂದುಮುಂದು ಮಾಡಿದ್ದರಿಂದ ರೋಗ ತಪ್ಪಲಿಲ್ಲ.

ಪರೀಕ್ಷೆ ಮತ್ತು ಪಥ್ಯ

ಸಂಶೋಧನೆಯ ಫಲವು ಸಾಮಾನ್ಯ ಜನರಿಗೆ ತಲುಪಿರುವುದು ಮುಖ್ಯವಾಗಿ ರಕ್ತಪರೀಕ್ಷೆಯ ರೂಪದಲ್ಲಿ. ಟ್ರಾನ್ಸ್‌ಗ್ಲುಟಮಿನೇಸ್ ವಿರುದ್ಧದ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ ಇಂದು ದೊಡ್ಡ ಊರುಗಳಲ್ಲೆಲ್ಲ ಲಭ್ಯವಿದೆ. ಅದರಲ್ಲಿ ಸೂಚನೆ ದೊರೆತರೆ ಸಾಮಾನ್ಯವಾಗಿ ಎಂಡೋಸ್ಕೋಪಿಯ ಮೂಲಕ ಕರುಳಿನ ತುಣುಕನ್ನು ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಂದೇಹ ಬಂದೊಡನೆ, ಪರೀಕ್ಷೆಗೆ ಮೊದಲೇ, ಗೋಧಿಯನ್ನು ನಿಲ್ಲಿಸಕೂಡದು. ನಿಲ್ಲಿಸಿದರೆ ಪ್ರತಿಕಾಯಗಳು ಇಳಿದು, ಕರುಳು ಚೇತರಿಸಿಕೊಂಡು, ರೋಗವಿದ್ದರೂ ಇಲ್ಲವೆಂಬ ವರದಿ ಬರುವ ಸಂಭವವಿದೆ. ಜೀವನಪರ್ಯಂತ ಪಾಲಿಸಬೇಕಾದ ಪಥ್ಯವನ್ನು ಊಹೆಯ ಮೇಲೆ ಕೈಗೊಳ್ಳುವುದು ವಿವೇಕವಲ್ಲ.

ಪಥ್ಯವೊಂದೇ ಇಂದಿಗೂ ಇರುವ ಚಿಕಿತ್ಸೆ. ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವವನ್ನು ತಡೆಯುವ ಒಂದು ಔಷಧವು ಕರುಳಿನ ಹಾನಿಯನ್ನು ತಗ್ಗಿಸಿತೆಂದು 2021ರಲ್ಲಿ ವರದಿಯಾಯಿತು. ಟಿ ಕೋಶಗಳನ್ನು ಪಳಗಿಸಲು ಹೊರಟ ಲಸಿಕೆಯೊಂದರ ಪ್ರಯೋಗವನ್ನು 2019ರಲ್ಲಿ ಕೈಬಿಡಲಾಯಿತು. ಪಥ್ಯದ ವಿಷಯದಲ್ಲಿ ಕನ್ನಡಿಗರ ಅಡುಗೆಮನೆ ಸುದೈವಶಾಲಿ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಬೇಳೆಕಾಳುಗಳು ಯಾವುವೂ ವರ್ಜ್ಯವಲ್ಲ. ಬಿಡಬೇಕಾದುದು ಚಪಾತಿ, ಪೂರಿ, ಬ್ರೆಡ್, ಬಿಸ್ಕತ್ತು, ಗೋಧಿಯ ಶ್ಯಾವಿಗೆ, ಉಪ್ಪಿಟ್ಟಿನ ರವೆ, ಮೈದಾ, ಬಾರ್ಲಿಯಿಂದ ಮಾಡಿದ ಮಾಲ್ಟ್ ಪಾನೀಯ. ಉತ್ತರ ಕರ್ನಾಟಕದ ಕಪ್ಲಿ ಗೋಧಿ ದೇಸಿ ತಳಿಯಾದ್ದರಿಂದ ಬಾಧಕವಿಲ್ಲವೆಂದು ಕೆಲವರು ತಿಳಿದಿರುವುದುಂಟು. ಅದರಲ್ಲಿಯೂ ಗ್ಲುಟೆನ್ ಇದೆ. ಎಡವುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಎಡೆಗಳಲ್ಲಿ. ಸಾರು ಹುಳಿಗಳಿಗೆ ಹಾಕುವ ಡಬ್ಬಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿಯನ್ನು ಬೀಸಿಸಿದರೆ ಕಲ್ಲಿಗೆ ಅಂಟಿದ ಹಿಟ್ಟು ರಾಗಿಯೊಳಗೆ ಸೇರುತ್ತದೆ. ಗ್ಲುಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂಬುದು ನಮ್ಮ ದೇಶದ ನಿಯಮ. ಇದರಿಂದ ಎಷ್ಟು ಸ್ವಲ್ಪ ಬೆರಕೆಯೂ ಲೆಕ್ಕಕ್ಕೆ ಬರುತ್ತದೆಂಬುದನ್ನು ಊಹಿಸಬಹುದು.

ಮನೆಯಲ್ಲಿ ಒಬ್ಬರಿಗೆ ರೋಗ ಖಚಿತವಾದಾಗ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಲಕ್ಷಣಗಳಿಲ್ಲದಿದ್ದರೂ ಪ್ರತಿಕಾಯದ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅಂತಹ ಹತ್ತು ಹದಿನೈದು ಬಂಧುಗಳಲ್ಲಿ ಒಬ್ಬರಿಗಾದರೂ ರೋಗವಿರುವುದುಂಟು. ವಂಶವಾಹಿಯ ಪರೀಕ್ಷೆಯೂ ಈಗ ಲಭ್ಯವಿದೆ. ಅದರ ಫಲಿತಾಂಶವನ್ನು ಓದುವ ಬಗೆ ಮಾತ್ರ ಬೇರೆ. ಡಿಕ್ಯೂ 2 ಅಥವಾ ಡಿಕ್ಯೂ 8 ಇದೆಯೆಂದು ಬಂದರೆ, ದಕ್ಷಿಣ ಭಾರತದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರಂತೆ ಆ ವ್ಯಕ್ತಿಯೂ ಅದನ್ನು ಹೊತ್ತಿದ್ದಾನೆಂದಷ್ಟೇ ಅರ್ಥ, ರೋಗವಿದೆಯೆಂದಲ್ಲ. ಎರಡೂ ಇಲ್ಲ, ಡಿಕ್ಯೂ 2ರ ಒಂದು ಎಳೆಯೂ ಇಲ್ಲವೆಂದು ಬಂದರೆ, ಸೀಲಿಯಾಕ್ ರೋಗವು ಆ ವ್ಯಕ್ತಿಗೆ ಇಲ್ಲ, ಮುಂದೆ ಬರುವ ಸಂಭವವೂ ಬಹುಮಟ್ಟಿಗೆ ಇಲ್ಲ ಎಂದು ವೈದ್ಯರು ಧೈರ್ಯವಾಗಿ ಹೇಳಬಲ್ಲರು.